ಎಲೆಯಡಿಕೆ ಬಿಟ್ಟ ಹರಕೆ

ಸಿದ್ದಲಿಂಗಮ್ಮನಿಗೆ ಬಂದಿರುವುದು ರಕ್ತದ ಕ್ಯಾನ್ಸರ್ ಎಂದು ಮೈಸೂರಿನ ಡಾಕ್ಟರಮ್ಮ ಹೇಳಿದ್ದು ನವರಾತ್ರಿಯ ನಾಲ್ಕನೆಯ ದಿನ, ಗುರುವಾರ, ಬೆಳಗಿನ ಹನ್ನೊಂದು ಗಂಟೆಗೆ. ಹೊರಗೆ ದಸರೆಯ ಜನ ಬೀದಿ ತುಂಬ ನೆರೆದಿದ್ದರು. ಪೊಲೀಸರು ದಾರಿಯನ್ನು ಎರಡು ಕಡೆ ತಿರುಗಿಸಿದ್ದರಿಂದ, ಏಳಕ್ಕೆ ಬೆಟ್ಟದಪುರ ಬಿಟ್ಟ ವ್ಯಾನು ಆಸ್ಪತ್ರೆಯ ಬಾಗಿಲು ಮುಟ್ಟುವಾಗ ಹತ್ತೂವರೆ ಆಗಿತ್ತು.

ಡಾಕ್ಟರಮ್ಮನ ಕೋಣೆಯಲ್ಲಿ ಎರಡೇ ಕುರ್ಚಿ. ಒಂದರಲ್ಲಿ ಅರವತ್ತೆಂಟು ವರ್ಷದ ಸಿದ್ದಲಿಂಗಮ್ಮ ಕೂತಿದ್ದಳು. ಇನ್ನೊಂದರಲ್ಲಿ ಅವಳ ವಾರಗಿತ್ತಿ ದೇವೀರಮ್ಮ. ಸಿದ್ದಲಿಂಗಮ್ಮನ ಮಗ ನಂಜುಂಡೇಶ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಡಾಕ್ಟರಮ್ಮ ಮೊದಲು ಅವನನ್ನು ಹೊರಗೆ ಕರೆದು ಮಾತಾಡಲು ನೋಡಿದಳು. ಸಿದ್ದಲಿಂಗಮ್ಮ ಬಿಡಲಿಲ್ಲ.

“ನನ್ನ ಮೈ ಸುದ್ದಿ ನನ್ನ ಮುಂದೇನೇ ಯೋಳವ್ವ. ಸೊಂಟಕ್ಕೆ ಸೂಜಿ ಚುಚ್ಚಿಸ್ಕೊಂಡೋಳು ನಾನು, ಅವನಲ್ಲ.”

ಡಾಕ್ಟರಮ್ಮ ಹೇಳಿದಳು. ಮೂಳೆಯ ಒಳಗೆ ರಕ್ತ ಹುಟ್ಟುವ ಜಾಗದಲ್ಲೇ ಕೆಡುಕು ಸೇರಿದೆ. ಒಳ್ಳೆಯ ರಕ್ತ ಹುಟ್ಟುತ್ತಿಲ್ಲ. ಆದ್ದರಿಂದಲೇ ಸುಸ್ತು, ಆದ್ದರಿಂದಲೇ ತೋಳಿನ ಮೇಲೆ ಕಪ್ಪು ಕಲೆ. ಈ ವಯಸ್ಸಿನ ದೇಹ ದೊಡ್ಡ ಚಿಕಿತ್ಸೆಯನ್ನು ತಡೆಯುವುದು ಕಷ್ಟ. ಮಾತ್ರೆ ಕೊಡಬಹುದು, ಇಂಜೆಕ್ಷನ್ ಕೊಡಬಹುದು, ಆಗಾಗ ರಕ್ತ ಏರಿಸಬಹುದು. ಎಷ್ಟು ದಿನ ಎಂದು ಹೇಳಲಾಗದು. ತಿಂಗಳುಗಳು ಅಂದುಕೊಳ್ಳಿ.

ನಂಜುಂಡೇಶ ಕೈವಸ್ತ್ರ ತೆಗೆದು ಮುಖ ಮುಚ್ಚಿಕೊಂಡ. ಸಿದ್ದಲಿಂಗಮ್ಮ ಸೆರಗಿನ ಒಳಗೆ ಕೊರಳಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡಳು. ಡಾಕ್ಟರಮ್ಮ ಕಾಗದ ತಿರುವಿ ಹಾಕಿ ಕೇಳಿದಳು:

“ವಸಡಿನಲ್ಲಿ ರಕ್ತ ಬರ್ತಾ ಇದೆಯಲ್ಲ ಅಮ್ಮ, ಎಷ್ಟು ದಿನದಿಂದ?”

“ಶ್ರಾವಣ ಹುಟ್ಟಿದಾಗಿಂದ.”

“ಅಂದ್ರೆ ಎರಡು ತಿಂಗಳು. ಯಾರಿಗೂ ಹೇಳಲಿಲ್ವಾ? ಮನೇಲಿ ಯಾರೂ ನೋಡಲಿಲ್ವಾ?”

ಸಿದ್ದಲಿಂಗಮ್ಮ ದೇವೀರಮ್ಮನ ಕಡೆ ತಿರುಗಲಿಲ್ಲ. ಮೇಜಿನ ಮೇಲಿದ್ದ ಗಾಜಿನ ಗುಂಡನ್ನೇ ನೋಡುತ್ತ, “ನೋಡಿದ್ರು” ಎಂದಳು. “ನೋಡಿದೋರು ಎಲೆಯಡಿಕೆ ಅನ್ಕೊಂಡ್ರು.”

ಡಾಕ್ಟರಮ್ಮ ಆಮೇಲೆ ಹೇಳಿದ ಮಾತುಗಳಲ್ಲಿ ಒಂದೂ ದೇವೀರಮ್ಮನ ಕಿವಿಗೆ ಬೀಳಲಿಲ್ಲ. ನೋಡಿದವಳು ಅವಳೇ.

ಬೆಟ್ಟದಪುರದಲ್ಲಿ ಬೆಟ್ಟದ ಬುಡಕ್ಕೆ ಹತ್ತಿಕೊಂಡಿರುವ ಆ ಮನೆಗೆ ಅಣ್ಣತಮ್ಮಂದಿರಿಬ್ಬರ ಹೆಂಡಿರಾಗಿ ಬಂದವರು ಇವರು. ಸಿದ್ದಲಿಂಗಮ್ಮ ಮೊದಲು ಬಂದಳು. ಏಳು ವರ್ಷದ ಮೇಲೆ ದೇವೀರಮ್ಮ ಬಂದಳು. ಸಿದ್ದಲಿಂಗಮ್ಮನ ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ದೇವೀರಮ್ಮನ ಗಂಡ ಚಿಕ್ಕಬಸಪ್ಪ ಮನೆಯ ಹಿರಿಯನಾಗಿ ಹೊಗೆಸೊಪ್ಪಿನ ಹೊಲವನ್ನೂ ಸೊಪ್ಪು ಹದ ಮಾಡುವ ಬ್ಯಾರನ್ನನ್ನೂ ನೋಡಿಕೊಳ್ಳುತ್ತಿದ್ದ. ನಲವತ್ತೊಂದು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದ ಹೆಂಗಸರು ಜಗಳ ಆಡದೆ ಇರುತ್ತಾರೆಯೇ? ಆಡಿದ್ದರು. ಉಪ್ಪಿಗೆ, ನೀರಿಗೆ, ಎಮ್ಮೆಯ ಹಾಲಿಗೆ. ಬೆಳಿಗ್ಗೆ ಆಡಿದ ಜಗಳವನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ಬಿಟ್ಟುಬಿಡುವುದು ಅವರ ರೂಢಿ. ಶ್ರಾವಣದ ಜಗಳವೊಂದು ಹಾಗೆ ಬಿಡಲಿಲ್ಲ.

ಸಿದ್ದಲಿಂಗಮ್ಮನಿಗೆ ಐವತ್ತು ವರ್ಷದ ಎಲೆಯಡಿಕೆ ಅಭ್ಯಾಸ. ಬೆಳಗಿನ ಲಿಂಗಪೂಜೆ ಮುಗಿಸಿ ಒಂದು ತುತ್ತು ಹೊಟ್ಟೆಗೆ ಬಿತ್ತೆಂದರೆ ಎಲೆಗೆ ಸುಣ್ಣ ಹಚ್ಚುವಳು. ಮಲಗುವ ತನಕ ಬಾಯಿ ಆಡುತ್ತಲೇ ಇರುವುದು. ಅಂಥವಳು ಭೀಮನ ಅಮಾವಾಸ್ಯೆಯ ದಿನ ಬೆಟ್ಟದ ಮೆಟ್ಟಿಲ ಬುಡದಲ್ಲಿ ನಿಂತು ಮಲ್ಲಿಕಾರ್ಜುನ ಸ್ವಾಮಿಗೆ ಹರಕೆ ಹೊತ್ತಳು. ದೇವೀರಮ್ಮನ ಮಗಳು ಮಧುಶ್ರೀಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಗರ್ಭ ನಿಂತಿತ್ತು. ಎರಡು ಸಲ ನಿಂತು ಹೋಗಿತ್ತು, ಇದು ಮೂರನೆಯದು. ಕೂಸು ಕ್ಷೇಮವಾಗಿ ಭೂಮಿಗೆ ಬರುವ ತನಕ ಎಲೆಯಡಿಕೆ ಮುಟ್ಟುವುದಿಲ್ಲ ಎಂದು ಸಿದ್ದಲಿಂಗಮ್ಮ ಕೈಮುಗಿದಳು. ಎಲೆಯ ಡಬ್ಬಿಯನ್ನು ತೊಳೆದು ದೇವೀರಮ್ಮನ ಕೈಗೇ ಕೊಟ್ಟಳು.

“ಅಕ್ಕ, ನಿನ್ನ ಕೈಲಿ ಆದಾತಾ?” ಎಂದು ದೇವೀರಮ್ಮ ಕೇಳಿದ್ದಳು.

“ನಿನ್ನಂಥೋಳ ಜೊತೆ ನಲವತ್ತು ವರ್ಷ ಬಾಳ್ವೆ ಮಾಡಿದ್ದೀನಿ, ಇದೇನ್ ಮಹಾ ಬುಡು.”

ಹದಿನೈದು ದಿನ ಕಳೆದಿತ್ತು. ಶ್ರಾವಣ ಸೋಮವಾರ. ಹೊಲದಿಂದ ಬಂದ ಹಸಿಸೊಪ್ಪನ್ನು ಅಂಗಳದ ಚಪ್ಪರದ ಕೆಳಗೆ ಸುರಿದಿದ್ದರು. ಹನ್ನೆರಡು ಹೆಂಗಸರು ಸಾಲಾಗಿ ಕೂತು ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ದಾರದಿಂದ ಕಟ್ಟುತ್ತಿದ್ದರು. ಆ ದಿನಗಳಲ್ಲಿ ಸಿದ್ದಲಿಂಗಮ್ಮ ಕೂತಲ್ಲೇ ತೂಕಡಿಸುವಳು, ಎದ್ದರೆ ತಲೆಸುತ್ತು ಎನ್ನುವಳು. ಹಸಿಸೊಪ್ಪು ಮುಟ್ಟಿದರೆ ತಲೆಸುತ್ತುವುದು, ವಾಕರಿಕೆ ಬರುವುದು ಆ ಸೀಮೆಯಲ್ಲಿ ಎಲ್ಲರಿಗೂ ಉಂಟು. ಯಾರೂ ಲಕ್ಷ್ಯ ಕೊಡಲಿಲ್ಲ. ಆವತ್ತು ಅವಳು ಎದ್ದು ಹೋಗಿ ಒಗೆಯುವ ಕಲ್ಲಿನ ಹತ್ತಿರ ಬಾಯಿ ಮುಕ್ಕಳಿಸಿ ಉಗಿದಳು. ನೀರಿಗೆ ಬಂದ ದೇವೀರಮ್ಮ ನೋಡಿದಳು. ಕಲ್ಲಿನ ಮೇಲೆ ಕೆಂಪು ಹರಿಯುತ್ತಿತ್ತು.

ಹಿಂದಿನ ವಾರವಷ್ಟೇ ಮಧುಶ್ರೀಗೆ ಹೊಟ್ಟೆನೋವೆಂದು ಕೃಷ್ಣರಾಜನಗರದ ಆಸ್ಪತ್ರೆಗೆ ಸೇರಿಸಿ ಎರಡು ದಿನ ಇಟ್ಟುಕೊಂಡಿದ್ದರು. ಹೆದರಿಕೆಯೇ ಕೋಪವಾಗಿ ಬಾಯಿಗೆ ಬಂತು.

“ಏನಕ್ಕ, ಮಲ್ಲಯ್ಯಂಗೆ ಕಣ್ಣು ಕಾಣಾಕಿಲ್ಲ ಅನ್ಕೊಂಡ್ಯಾ? ನನ್ನ ಮಗಳ ಹೊಟ್ಟೇಲಿರೋ ಕೂಸಿನ ಮ್ಯಾಲೆ ಹರಕೆ ಒತ್ಕೊಂಡು ಹಿತ್ತಲಲ್ಲಿ ಕದ್ದು ಅಗೀತಿದ್ದೀಯಲ್ಲ.”

“ನಾನ್ ಮುಟ್ಟಿಲ್ಲ ಕಣೆ” ಎಂದಳು ಸಿದ್ದಲಿಂಗಮ್ಮ.

“ಮುಟ್ಟಿಲ್ವಾ? ಬಾಯಿ ತೆಗಿ ಮತ್ತೆ, ಎಲ್ರೂ ನೋಡ್ಲಿ.”

ಚಪ್ಪರದ ಕೆಳಗೆ ಹನ್ನೆರಡು ಜೊತೆ ಕೈಗಳು ನಿಂತುಹೋದವು. ತಾನು ಎಲೆ ಮುಟ್ಟಿಲ್ಲವೆಂಬ ಧೈರ್ಯ ಸಿದ್ದಲಿಂಗಮ್ಮನಿಗೆ ಇತ್ತು. ಆ ಧೈರ್ಯದ ಮೇಲೆಯೇ ಅವಳು, ಆ ಮನೆಯ ಹಿರಿಸೊಸೆ, ಕೂಲಿಗೆ ಬಂದ ಹೆಂಗಸರ ಎದುರಿಗೆ ಬಾಯಿ ತೆರೆದಳು. ಹಲ್ಲು, ವಸಡು, ನಾಲಿಗೆ ಎಲ್ಲವೂ ಕೆಂಪಾಗಿತ್ತು. ಹೆಂಗಸರು ತಲೆ ತಗ್ಗಿಸಿದರು. ಒಬ್ಬಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಅಲ್ಲಿ ಎಲೆಯ ಒಂದು ಚೂರೂ ಇರಲಿಲ್ಲ. ಸುಣ್ಣದ ವಾಸನೆ ಇರಲಿಲ್ಲ. ದೇವೀರಮ್ಮ ಕೆಂಪನ್ನಷ್ಟೇ ನೋಡಿದಳು. ಆ ಬಾಯಿಯನ್ನು ಅವಳು ನಲವತ್ತೊಂದು ವರ್ಷ ಕೆಂಪಾಗಿಯೇ ಕಂಡಿದ್ದಳು.

ಆಮೇಲೆ ಸಿದ್ದಲಿಂಗಮ್ಮ ಚಪ್ಪರದ ಕೆಳಗೆ ಕೂರಲಿಲ್ಲ. ಊಟಕ್ಕೆ ಎಲ್ಲರ ಜೊತೆ ಬರಲಿಲ್ಲ. ಕೊಟ್ಟಿಗೆಯ ಹಿಂದೆ ಹೋಗಿ ಬಾಯಿ ಮುಕ್ಕಳಿಸಿ, ಉಗಿದದ್ದರ ಮೇಲೆ ಬೂದಿ ಮುಚ್ಚಿ ಬರುತ್ತಿದ್ದಳು. ದೇವೀರಮ್ಮ ಅದನ್ನೂ ಕಂಡಳು, ಕದ್ದು ಅಗಿಯುವುದಕ್ಕೆ ಅದೇ ಸಾಕ್ಷಿ ಎಂದುಕೊಂಡಳು. ಕೊನೆಗೆ ಒಂದು ದಿನ ಸಿದ್ದಲಿಂಗಮ್ಮ ಲಿಂಗಪೂಜೆಗೆ ಕೂತವಳು ಅಲ್ಲೇ ಬಿದ್ದಳು. ಪಿರಿಯಾಪಟ್ಟಣದಲ್ಲಿ ರಕ್ತ ಪರೀಕ್ಷೆ ಮಾಡಿದವರು, ತಡಮಾಡದೆ ಮೈಸೂರಿಗೆ ಕರೆದೊಯ್ಯಿರಿ ಎಂದರು. ಮೈಸೂರಿನಲ್ಲಿ ಸೊಂಟದ ಮೂಳೆಗೆ ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದುಕೊಂಡು, ವಾರ ಬಿಟ್ಟು ಬನ್ನಿ ಎಂದಿದ್ದರು.

ಆ ಗುರುವಾರ ಔಷಧದ ಚೀಟಿ ಹಿಡಿದು ನಂಜುಂಡೇಶ ಹೊರಗೆ ಹೋದಾಗ ದೇವೀರಮ್ಮ ಒಬ್ಬಳೇ ಡಾಕ್ಟರಮ್ಮನ ಕೋಣೆಗೆ ಮರಳಿ ಹೋದಳು.

“ಆಗ್ಲೇ ಕರ್ಕೊಂಡ್ ಬಂದಿದ್ರೆ ಉಳೀತಿದ್ರಾ ತಾಯಿ?”

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಸುಳ್ಳು ಹೇಳುವುದು ಅವಳಿಗೆ ಬರಲಿಲ್ಲ. “ಕಾಯಿಲೆ ಇದೇ ಇರ್ತಿತ್ತು ಅಮ್ಮ. ಆದ್ರೆ ಮೈಯಲ್ಲಿ ಇನ್ನೂ ಸ್ವಲ್ಪ ಶಕ್ತಿ ಇರೋವಾಗ ಶುರು ಮಾಡಬಹುದಿತ್ತು. ಅದರಿಂದ ಎಷ್ಟು ದಿನ ಹೆಚ್ಚಾಗ್ತಿತ್ತೋ ನಾನು ಹೇಳೋಕಾಗಲ್ಲ.”

ವಾಪಸು ಬರುವಾಗ ವ್ಯಾನು ಓಡಿಸುತ್ತಿದ್ದವನು ಅವರ ಬೀದಿಯ ಕಂಠಪ್ಪ. ಅವನ ಬಾಯಿ ಸುಮ್ಮನಿರುವುದಲ್ಲ. ಆವತ್ತು ಅವನೂ ಮಾತಾಡದೆ ಬಿಳಿಕೆರೆಯ ತನಕ ಬಂದ. ಅಲ್ಲಿ ರಸ್ತೆ ಬದಿಯ ಅಂಗಡಿಯ ಮುಂದೆ ನಿಲ್ಲಿಸಿ, “ದೊಡ್ಡವ್ವ, ಒಂದ್ ಲೋಟ ಕಾಫಿ ಕುಡೀರಿ. ನೀವು ಇಂಗೆ ಸುಮ್ಕೆ ಕೂತಿದ್ರೆ ವ್ಯಾನಿನ ಇಂಜಿನ್ನೇ ಎದರ್ಕೊಂಡು ನಿಂತೋಯ್ತದೆ” ಎಂದ.

“ಇಂಜಿನ್ ನಿಂತ್ರೆ ತಳ್ಳಾಕೆ ನೀನಿದ್ದೀಯಲ್ಲ, ಓಗ್ಲಾ” ಎಂದಳು ಸಿದ್ದಲಿಂಗಮ್ಮ.

ಗಂಡಸರಿಬ್ಬರೂ ಕಾಫಿ ತರಲು ಇಳಿದರು. ದೇವೀರಮ್ಮ ಸಿದ್ದಲಿಂಗಮ್ಮನ ಕೈ ಹಿಡಿದುಕೊಂಡಳು. ತೋಳಿನ ಮೇಲಿನ ಕಪ್ಪು ಕಲೆಗಳು ಮೊಣಕೈ ದಾಟಿ ಇಳಿದಿದ್ದವು.

“ಅಕ್ಕ, ಆವತ್ತು ನೀನ್ ಯಾಕ್ ಯೋಳಲಿಲ್ಲ, ರಕ್ತ ಅಂತ?”

“ನಂಗೇ ಗೊತ್ತಿರ್ಲಿಲ್ಲ ಕಣೆ. ಐವತ್ತು ವರ್ಷ ಅಗಿದ ಕೆಂಪು, ಹರಕೆ ಒತ್ತಿದ್ಮ್ಯಾಲೆ ಮೈಯಿಂದ ಇಳಿದೋಯ್ತಾ ಐತೆ ಅನ್ಕೊಂಡೆ. ಮಲ್ಲಯ್ಯ ಒಳಗಿಂದ ತೊಳೀತಾವ್ನೆ ಅಂತ ಒಂದಿಷ್ಟು ಸಂತೋಷಾನೂ ಆಗಿತ್ತು.” ಸಿದ್ದಲಿಂಗಮ್ಮ ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. “ಆಮ್ಯಾಕೆ ನಿಲ್ಲಲೇ ಇಲ್ಲ. ಆಗ ಎದರಿಕೆ ಆಯ್ತು. ಯೋಳಾನ ಅಂದ್ರೆ ಯಾರ್ಗೆ ಯೋಳ್ಲಿ? ನೀನು ನಂಬ್ತಿದ್ಯಾ?”

“ತಪ್ಪಾಯ್ತು ಅಕ್ಕ. ನಿನ್ನ ಕಾಲ್ ಇಡ್ಕೋತೀನಿ” ಎಂದು ದೇವೀರಮ್ಮ ಬಗ್ಗಿದಳು.

ಸಿದ್ದಲಿಂಗಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. “ಬ್ಯಾಡ. ಅಂಗಳದಲ್ಲಿ ಹನ್ನೆರಡು ಜನದ ಮುಂದೆ ಅಂದೆ. ಬಿಳಿಕೆರೆ ರೋಡಲ್ಲಿ ಯಾರೂ ಇಲ್ದಾಗ ವಾಪಸ್ ತಗೊಂಡ್ರೆ ಆಯ್ತಾ? ನಂಗೆ ಸಾವು ಬಂದ್ರೆ ಬರ್ಲಿ. ಮಾತು ತಪ್ಪಿದೋಳು ಅನ್ನಿಸ್ಕೊಂಡು ಸಾಯಾಕೆ ನಂಗಿಷ್ಟ ಇಲ್ಲ. ಅಲ್ಲಿ ಅಂದದ್ದನ್ನ ಅಲ್ಲೇ ಯೋಳು.”

“ಯೋಳ್ತೀನಿ ಅಕ್ಕ. ಆಣೆಗೂ ಯೋಳ್ತೀನಿ.”

ಆ ಮಾತು ಕೊಡುವಾಗ ದೇವೀರಮ್ಮನಿಗೆ ಅದು ಎಷ್ಟು ಭಾರವೆಂದು ತಿಳಿದಿರಲಿಲ್ಲ. ಊರಿಗೆ ಬಂದ ಮೇಲೆ ತಿಳಿಯಿತು. ಹೆಂಗಸರ ಮುಂದೆ ಹೇಳಿದರೆ ನಂಜುಂಡೇಶನಿಗೂ ತಿಳಿಯುತ್ತದೆ. ಅವನ ತಾಯಿ ಎರಡು ತಿಂಗಳು ರಕ್ತ ಉಗಿದು ಬೂದಿ ಮುಚ್ಚಿದ್ದು ಚಿಕ್ಕವ್ವನ ಮಾತಿಗೆ ಹೆದರಿ ಎಂದು ತಿಳಿಯುತ್ತದೆ. ಅವಳೇ ಎತ್ತಿ ಆಡಿಸಿ ಬೆಳೆಸಿದ ಹುಡುಗ ಅವನು. ಈಗ ನಲವತ್ತು ದಾಟಿದೆ, ಆದರೂ ಹಸಿವಾದರೆ ಇವತ್ತಿಗೂ “ಚಿಕ್ಕವ್ವ” ಎಂದೇ ಒಳಗೆ ಬರುತ್ತಾನೆ. ಅವನ ಮುಖ ನೆನೆದಾಗಲೆಲ್ಲ ಅವಳು ಆ ಮಾತನ್ನು ನಾಳೆಗೆ ತಳ್ಳುತ್ತಿದ್ದಳು.

ಅಷ್ಟರಲ್ಲಿ ಊರಿನ ಬಾಯಿ ತನ್ನ ಕೆಲಸ ಮಾಡಿತ್ತು. ಸಿದ್ದಲಿಂಗಮ್ಮನಿಗೆ ಇಂಥ ಕಾಯಿಲೆ ಎಂದು ಗೊತ್ತಾದ ಮರುವಾರವೇ ನಲ್ಲಿಯ ಹತ್ತಿರ ಒಬ್ಬಳು ದೇವೀರಮ್ಮನಿಗೇ ಹೇಳಿದಳು: “ಹರಕೆ ಮುರಿದ್ರೆ ಮಲ್ಲಯ್ಯ ಬುಟ್ಟಾನಾ ಕಣವ್ವ? ಯಾವ ಬಾಯಲ್ಲಿ ತಪ್ಪು ಮಾಡಿದ್ಲೋ ಆ ಬಾಯಲ್ಲೇ ತೋರಿಸ್ದ. ನಿನ್ನ ಮಗಳ ಪುಣ್ಯ, ಅವಳಿಗೆ ತಟ್ಟಲಿಲ್ಲ.”

ದೇವೀರಮ್ಮ ಕೊಡ ತುಂಬುವ ತನಕ ನಿಂತಿದ್ದಳು. ಅಲ್ಲ ಎನ್ನಲು ಬಾಯಿ ತೆರೆದಳು. “ಅಂಗನ್ನಬ್ಯಾಡ್ರಿ” ಎಂದಷ್ಟೇ ಹೊರಬಂತು. ಕೊಡ ಸೊಂಟಕ್ಕೇರಿಸಿ ಮನೆಗೆ ಬಂದರೆ ಸಿದ್ದಲಿಂಗಮ್ಮ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ನಲ್ಲಿಯ ಹತ್ತಿರ ಆಡಿದ ಮಾತು ಜಗಲಿಗೆ ಕೇಳಿಸುತ್ತಿತ್ತು.

ಹತ್ತು ದಿನಕ್ಕೊಮ್ಮೆ ಮೈಸೂರಿಗೆ ಹೋಗಿ ರಕ್ತ ಏರಿಸಿಕೊಂಡು ಬರುವುದು ನಡೆಯಿತು. ಏರಿಸಿದ ಎರಡು ದಿನ ಸಿದ್ದಲಿಂಗಮ್ಮನ ಮುಖಕ್ಕೆ ಬಣ್ಣ ಬರುವುದು, ಅಡಿಗೆಯ ಸೊಪ್ಪು ಸೋಸಿಕೊಡುವಳು, ಚಿಕ್ಕಬಸಪ್ಪನನ್ನು ರೇಗಿಸುವಳು. ಮೂರನೆಯ ದಿನ ಮತ್ತೆ ಬಿಳಿಚುವಳು. ಅವಳ ಬಾಯಿಗೆ ಉಪ್ಪುನೀರು, ಗಂಜಿ, ಮೆತ್ತಗಿನ ಅನ್ನ ಎಲ್ಲವನ್ನೂ ದೇವೀರಮ್ಮನೇ ನೋಡಿಕೊಂಡಳು. ಪೂಜೆಗೆ ಬಿಲ್ವಪತ್ರೆ ತಂದಿಟ್ಟಳು. ಲಿಂಗವನ್ನು ಎಡಗೈಯಲ್ಲಿ ಹಿಡಿದು ಕೂರಲು ಸಿದ್ದಲಿಂಗಮ್ಮನಿಗೆ ಶಕ್ತಿ ಸಾಲದಾದಾಗ ಕೆಳಗಿನಿಂದ ಆ ಕೈಯನ್ನು ಆನಿಸಿ ಹಿಡಿದಳು. ಸೇವೆ ಮಾಡಿದಷ್ಟೂ ಮಾತು ಹಿಂದಕ್ಕೆ ಸರಿಯಿತು. ಇಷ್ಟು ಮಾಡಿದೆನಲ್ಲ, ಇದೇ ಆಯಿತಲ್ಲ ಎಂದು ಅವಳ ಮನಸ್ಸು ಒಂದೊಂದು ಸಲ ಹೇಳಿಕೊಳ್ಳುತ್ತಿತ್ತು. ಅದು ಆಗಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

ದೀಪಾವಳಿಗೆ ಮುಂಚೆ ಕೊನೆಯ ಸೊಪ್ಪು ಬ್ಯಾರನ್ನಿಗೆ ಏರಿತು. ಆ ದಿನ ಸೊಪ್ಪು ಕಟ್ಟಿದ ಹೆಂಗಸರಿಗೆಲ್ಲ ಮನೆಯಲ್ಲಿ ಊಟ ಹಾಕುವುದು ಆ ಮನೆಯ ಪದ್ಧತಿ. ಅದೇ ಹನ್ನೆರಡು ಜನ ಅಂಗಳದಲ್ಲಿ ಸಾಲಾಗಿ ಕೂತರು. ಇದೇ ಹೊತ್ತು ಎಂದು ದೇವೀರಮ್ಮ ಬೆಳಗಿನಿಂದ ಮಾತು ಜೋಡಿಸಿಕೊಂಡಿದ್ದಳು. ಸಿದ್ದಲಿಂಗಮ್ಮನೂ ಆವತ್ತು ತಾನಾಗಿ ಎದ್ದು, ಹೊಸ ಸೀರೆ ಉಟ್ಟು, ವಿಭೂತಿ ಇಟ್ಟು, ಜಗಲಿಯ ಕಂಬಕ್ಕೆ ಒರಗಿ ಕೂತಳು. ಏಕೆ ಕೂತಳೆಂದು ದೇವೀರಮ್ಮನಿಗೆ ಗೊತ್ತು.

ಪಾಯಸದ ಪಾತ್ರೆ ಹಿಡಿದು ದೇವೀರಮ್ಮ ಸಾಲಿನ ಮೊದಲಿಗೆ ಬಂದು ನಿಂತಳು. “ನೋಡ್ರವ್ವ” ಎಂದಳು. ಹೆಂಗಸರು ತಲೆ ಎತ್ತಿದರು. ಅದೇ ಹೊತ್ತಿಗೆ ಅನ್ನದ ಬುಟ್ಟಿ ಹೊತ್ತು ಒಳಗಿನಿಂದ ನಂಜುಂಡೇಶ ಬಂದ. “ಚಿಕ್ಕವ್ವ, ನೀನು ಕೂತ್ಕೊ. ಬೆಳಗಿಂದ ಅವ್ವನ ಕೆಲಸ, ಅಡಿಗೆ ಕೆಲಸ, ಎಲ್ಲಾ ನೀನೇ ಮಾಡ್ತಿದ್ದೀಯ. ನೀನಿಲ್ದಿದ್ರೆ ನಮ್ಮವ್ವನ ಗತಿ ಏನಾಗ್ತಿತ್ತೋ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ದೇವೀರಮ್ಮ ಬಗ್ಗಿ ಮೊದಲ ಎಲೆಗೆ ಪಾಯಸ ಬಡಿಸಿದಳು.

“ಏನೋ ಅಂದ್ಯಲ್ಲ ದೇವೀರವ್ವ” ಎಂದಳು ಒಬ್ಬಳು.

“ಏನಿಲ್ಲ. ಪಾಯಸ ಸಾಕಷ್ಟೈತೆ, ನಾಚ್ಕೋಬ್ಯಾಡಿ ಅಂದೆ.”

ಹೆಂಗಸರು ನಕ್ಕು ಊಟ ಮುಂದುವರಿಸಿದರು. ಜಗಲಿಯ ಮೇಲೆ ಸಿದ್ದಲಿಂಗಮ್ಮ ಸ್ವಲ್ಪ ಹೊತ್ತು ಕೂತಿದ್ದು, ಕಂಬ ಹಿಡಿದುಕೊಂಡು ಎದ್ದು, ಗೋಡೆ ಸವರಿಕೊಂಡು ಒಳಗೆ ಹೋದಳು. ಸಂಜೆ ದೇವೀರಮ್ಮ ಗಂಜಿ ತೆಗೆದುಕೊಂಡು ಹೋದಾಗ, “ಇಟ್ಟೋಗು” ಎಂದಳು.

ಕಾರ್ತಿಕ ಕಳೆಯಿತು. ಮಧುಶ್ರೀಗೆ ದಿನ ತುಂಬುತ್ತ ಬಂತು. ಹೆರಿಗೆಗೆ ಅವಳನ್ನು ತವರಿಗೆ ಕರೆತರಬೇಕಾಗಿತ್ತು. ಸಿದ್ದಲಿಂಗಮ್ಮನ ಹತ್ತಿರ ಹೆಚ್ಚು ಜನ ಸೇರಿಸಬೇಡಿ, ಶೀತ ಜ್ವರ ತಗುಲಿದರೆ ತಡೆಯುವ ಶಕ್ತಿ ಅವರಿಗಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಳು. ಬಾಣಂತಿಯ ಮನೆಯೆಂದರೆ ನೋಡಲು ಬರುವವರನ್ನು ತಡೆಯುವುದು ಹೇಗೆ? ಆದ್ದರಿಂದ ಮಧುಶ್ರೀ ಹೊಸ ಅಗ್ರಹಾರದ ಗಂಡನ ಮನೆಯಲ್ಲೇ ಉಳಿದಳು. ದೇವೀರಮ್ಮನೇ ಅಲ್ಲಿಗೆ ಹೊರಡಬೇಕಾಯಿತು.

ಹೊರಡುವ ಬೆಳಿಗ್ಗೆ ಅವಳು ಸಿದ್ದಲಿಂಗಮ್ಮನ ಮಂಚದ ಹತ್ತಿರ ಕೂತಳು. “ನಾನು ಓಗಾಕಿಲ್ಲ ಅಕ್ಕ. ಬೀಗಿತ್ತಿ ನೋಡ್ಕೋತಾಳೆ.”

“ಓಗು. ಮೂರನೇ ಸಲ ಕಣೆ ಅದು. ಹೆತ್ತವ್ವ ಹತ್ರ ಇರ್ಬೇಕು.”

“ಧನುರ್ಮಾಸದ ಮೊದಲ್ನೇ ದಿನ ಬಂದ್ಬಿಡ್ತೀನಿ. ಆವತ್ತು ಬೆಳಗಿನ ಪೂಜೆಗೆ ಊರೆಲ್ಲ ಬೆಟ್ಟದ ಬುಡಕ್ಕೆ ಸೇರ್ತದೆ. ಅಲ್ಲೇ ಯೋಳ್ತೀನಿ. ಈ ಸಲ ತಪ್ಪಾಕಿಲ್ಲ.”

ಸಿದ್ದಲಿಂಗಮ್ಮ ಅವಳ ಮುಖ ನೋಡಿದಳು. ಆ ನೋಟದಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ದೇವೀರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. “ಬಸ್ಸಿಗೆ ಒತ್ತಾಯ್ತು, ಏಳು” ಎಂದಳು ಸಿದ್ದಲಿಂಗಮ್ಮ.

ಮಾರ್ಗಶಿರದ ಎರಡನೆಯ ವಾರ ಮಧುಶ್ರೀ ಹೆಣ್ಣುಕೂಸನ್ನು ಹೆತ್ತಳು. ಕೂಸು ಕ್ಷೇಮ, ತಾಯಿ ಕ್ಷೇಮ. ನಂಜುಂಡೇಶ ಊರಿನಿಂದ ಫೋನು ಮಾಡಿ ತಾಯಿಯ ಕಿವಿಗೆ ಹಿಡಿದ. ದೇವೀರಮ್ಮ ಕೂಸನ್ನು ಫೋನಿನ ಹತ್ತಿರ ತಂದಳು. ಕೂಸು ಬಾಯಿಬಿಟ್ಟು ಅತ್ತಿತು.

“ಗಂಟಲು ಗಟ್ಟಿಗೈತೆ. ನಿನ್ನಂಗೇ ಬೀದಿ ಜಗಳಕ್ಕೆ ಆಯ್ತದೆ” ಎಂದು ಆ ಕಡೆಯಿಂದ ಸಿದ್ದಲಿಂಗಮ್ಮನ ಸಣ್ಣ ದನಿ ಕೇಳಿತು. ಸ್ವಲ್ಪ ತಡೆದು, “ಮಲ್ಲಯ್ಯ ನನ್ನ ಮಾತು ಉಳಿಸ್ದ” ಎಂದಳು. ದೇವೀರಮ್ಮ ಏನಾದರೂ ಹೇಳುವ ಮುಂಚೆ ಸಿದ್ದಲಿಂಗಮ್ಮನಿಗೆ ಕೆಮ್ಮು ಬಂದು ನಂಜುಂಡೇಶ ಫೋನು ತೆಗೆದುಕೊಂಡ.

ಧನುರ್ಮಾಸ ಹುಟ್ಟುವುದಕ್ಕೆ ಇನ್ನೂ ಎರಡು ದಿನ ಇತ್ತು. ದೇವೀರಮ್ಮ ಕೂಸಿಗೆ ಎಣ್ಣೆ ಹಚ್ಚಿ, ಕಾಲಿನ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಅಳಿಯ ಬಚ್ಚಲ ಬಾಗಿಲಿಗೆ ಬಂದು ನಿಂತ. ಅವನ ಕೈಯಲ್ಲಿ ಫೋನು ಇತ್ತು. ಹಿಂದಿನ ದಿನ ಸಿದ್ದಲಿಂಗಮ್ಮನಿಗೆ ಜ್ವರ ಬಂದಿತ್ತಂತೆ. ಮೈಸೂರಿಗೆ ಕರೆದೊಯ್ಯಲು ಕಂಠಪ್ಪ ವ್ಯಾನು ತಂದು ಬಾಗಿಲಿಗೆ ನಿಲ್ಲಿಸುವಷ್ಟರಲ್ಲಿ, ಬೆಳಗಿನ ಎಂಟು ಗಂಟೆಗೆ, ಮಗನ ತೋಳಿನ ಮೇಲೆ ಸಿದ್ದಲಿಂಗಮ್ಮ ಲಿಂಗೈಕ್ಯಳಾಗಿದ್ದಳು.

ದೇವೀರಮ್ಮ ಕೂಸಿನ ಮೈ ಒರೆಸಿ, ಬಟ್ಟೆ ಸುತ್ತಿ, ಮಗಳ ಮಗ್ಗುಲಲ್ಲಿ ಮಲಗಿಸಿದಳು.

“ದೊಡ್ಡವ್ವ ನನ್ನ ಕೂಸ್ನ ನೋಡ್ಲೇ ಇಲ್ಲ” ಎಂದು ಮಧುಶ್ರೀ ಅಳತೊಡಗಿದಳು. “ತನ್ನ ಆಯಸ್ಸು ಇದಕ್ಕೆ ಕೊಟ್ಟು ಓದ್ಲು ಕಣವ್ವ.”

ಆ ಮಾತು ಹಿಡಿದುಕೊಂಡರೆ ಸಾಕು, ಎಲ್ಲವೂ ಸುಲಭವಾಗುತ್ತದೆ ಎಂದು ದೇವೀರಮ್ಮನಿಗೆ ಆ ಗಳಿಗೆಯಲ್ಲಿ ಅನ್ನಿಸಿತು. ಹಿರಿಯಳು ಕೂಸಿನ ಸಲುವಾಗಿ ಜೀವ ಕೊಟ್ಟಳು ಎಂದರೆ ಊರು ಕೈಮುಗಿಯುತ್ತದೆ. ಹರಕೆ ಮುರಿದಳು ಎಂಬ ಮಾತೂ ಅದರಲ್ಲಿ ಮುಳುಗಿಹೋಗುತ್ತದೆ. ತನ್ನ ಮಾತೂ ಮುಳುಗುತ್ತದೆ.

“ಅಂಗನ್ನಬ್ಯಾಡ ಮಗ” ಎಂದಳು. “ಅವಳು ಕಾಯಿಲೆ ಬಂದು ಓದ್ಲು. ಕಾಯಿಲೇನ ನಾನು ನೋಡಿದ್ದೆ.” ಮಗಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವಷ್ಟು ಹೊತ್ತು ಇರಲಿಲ್ಲ.

ಅಳಿಯ ಅವಳನ್ನು ಬೆಟ್ಟದಪುರಕ್ಕೆ ತಂದು ಬಿಟ್ಟಾಗ ಮಧ್ಯಾಹ್ನ ಎರಡು ಗಂಟೆ. ಸಿದ್ದಲಿಂಗಮ್ಮನನ್ನು ಜಗಲಿಯ ಮೇಲೆ ಪದ್ಮಾಸನದಲ್ಲಿ ಕೂರಿಸಿ, ಬೀಳದಂತೆ ಹಿಂದಕ್ಕೆ ಹಲಗೆ ಕೊಟ್ಟು, ಹಣೆ ತುಂಬ ವಿಭೂತಿ ಹಚ್ಚಿದ್ದರು. ಬಾಯಿ ಮುಚ್ಚಿತ್ತು. ದೇವೀರಮ್ಮ ಆ ಮುಖವನ್ನು ನೋಡಿದಳು. ಅಳು ಬರಲಿಲ್ಲ. ಅಂಗಳದಲ್ಲಿ ಜನ ತುಂಬಿದ್ದರು. ಸೊಪ್ಪು ಕಟ್ಟಿದ ಹೆಂಗಸರೂ ಬಂದಿದ್ದರು, ಒಂದು ಕಡೆ ಗುಂಪಾಗಿ ಕೂತು ತಮ್ಮತಮ್ಮಲ್ಲೇ ಮಾತಾಡುತ್ತಿದ್ದರು. “ಒಳ್ಳೆ ಜೀವ. ಒಂದೇ ಒಂದು ತಪ್ಪು ಮಾಡ್ಕೊಂಡ್ಲು” ಎಂದು ಒಬ್ಬಳು ಅಂದದ್ದು ದೇವೀರಮ್ಮನ ಕಿವಿಗೆ ಬಿತ್ತು.

ಮಣ್ಣು ಮಾಡುವುದು ಬ್ಯಾರನ್ನಿನ ಹಿಂದಿನ ಹೊಲದ ಅಂಚಿನಲ್ಲಿ, ಅವಳ ಗಂಡನ ಗದ್ದುಗೆಯ ಮಗ್ಗುಲಲ್ಲಿ. ಗುಂಡಿ ತೋಡಿ ಒಳಗೆ ಗೂಡು ಕೊರೆದಿದ್ದರು. ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ನೋರು ಇಳಿದು ದೇಹವನ್ನು ಗೂಡಿನಲ್ಲಿ ಕೂರಿಸಿ, ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟು, ವಿಭೂತಿ ಗಟ್ಟಿ, ಬಿಲ್ವಪತ್ರೆಗಳನ್ನು ಸುತ್ತ ತುಂಬಿದರು. ಮೇಲಕ್ಕೆ ಹತ್ತಿ ಬಂದು, “ಮಣ್ಣು ಹಾಕೋರು ಬನ್ನಿ” ಎಂದರು. ನಂಜುಂಡೇಶ ಹಿಡಿಮಣ್ಣು ಎತ್ತಿಕೊಂಡ.

“ವಸಿ ತಡೀರಿ ಅಯ್ನೋರೆ” ಎಂದಳು ದೇವೀರಮ್ಮ.

ಎಲ್ಲರೂ ತಿರುಗಿದರು. ಗಂಡ ಚಿಕ್ಕಬಸಪ್ಪ ಅವಳಿಗೆ ಸಂಕಟ ಹೆಚ್ಚಾಯಿತೆಂದು ತಿಳಿದು, “ಬಾ ಇತ್ಲಾಗೆ” ಎಂದು ಕೈ ಹಿಡಿದ. ಅವಳು ಕೊಸರಿಕೊಂಡಳು. ಬೆಳಗಿನಿಂದ ಮಾತು ಜೋಡಿಸಿರಲಿಲ್ಲ. ಬಂದ ಹಾಗೆ ಬಂತು.

“ನಮ್ಮಕ್ಕ ಹರಕೆ ಮುರೀಲಿಲ್ಲ. ಎಲೆ ಮುಟ್ಟಲಿಲ್ಲ, ಅಡಿಕೆ ಮುಟ್ಟಲಿಲ್ಲ. ಶ್ರಾವಣ ಸೋಮವಾರ ನಾನು ಅವಳ ಬಾಯಿ ತೆಗೆಸಿ ನಿಮಗೆಲ್ಲ ತೋರಿಸಿದ್ನಲ್ಲ, ಅದು ರಕ್ತ. ಇದೇ ಕಾಯಿಲೆ ರಕ್ತ. ನೋಡಿದೋಳು ನಾನು, ತಿಳೀದೆ ಓದೋಳು ನಾನು. ನನ್ನ ಮಾತಿಗೆ ಎದರಿ ಅವಳು ಕೊಟ್ಟಿಗೆ ಇಂದೆ ಉಗಿದು ಬೂದಿ ಮುಚ್ಚಿದ್ಲು. ಎರಡು ತಿಂಗಳು ಯಾರ್ಗೂ ಯೋಳಲಿಲ್ಲ. ಇದನ್ನ ನಿಮ್ಮ ಮುಂದೆ ಯೋಳು ಅಂತ ಕೇಳಿದ್ಲು. ಯೋಳ್ತೀನಿ ಅಂತ ಆಣೆ ಇಟ್ಟು ಅವಳು ಬದುಕಿದ್ದಾಗ ಯೋಳಲಿಲ್ಲ. ಮಾತು ತಪ್ಪಿದೋಳು ನಾನು. ಅವಳಲ್ಲ.”

ಸೊಪ್ಪು ಕಟ್ಟಿದವರಲ್ಲಿ ಒಬ್ಬಳು, ಆವತ್ತು ಸೆರಗಿನಲ್ಲಿ ನಕ್ಕವಳು, ಬಿಕ್ಕಿ ಅತ್ತಳು. ದೇವೀರಮ್ಮ ನಂಜುಂಡೇಶನ ಕಡೆ ನೋಡಿದಳು. ಅವನ ಕೈಯ ಮಣ್ಣು ಬೆರಳ ಸಂದಿಯಿಂದ ಉದುರಿಹೋಗಿತ್ತು; ಅವನು ಬಗ್ಗಿ ಮತ್ತೊಂದು ಹಿಡಿ ಎತ್ತಿ, ಅವಳ ಮುಖ ನೋಡದೆ ಅವಳ ಅಂಗೈಗೆ ಸುರಿದು, “ಮೊದ್ಲು ನೀನು ಹಾಕು ಚಿಕ್ಕವ್ವ” ಎಂದ.